ನೀರೇ ಸಾಕ್ಷಿ ನುಡಿಯುವ ಕಾಲ: ಕೆರೆ-ಕಾಲುವೆಗಳಲ್ಲಿ ಪರಕೀಯ ಮೀನುಗಳ ಪತ್ತೆಗೆ ಪರಿಸರ ಡಿ.ಎನ್.ಎ.

ನವಲಗುಂದ ಸೀಮೆಯವರಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಎರೆಭೂಮಿಯ ಈ ತಾಲೂಕಿನಲ್ಲಿ ಬಾವಿ ತೋಡಿದರೆ ಬಹುಪಾಲು ಸವಳು ನೀರು. ಕುಡಿಯುವುದಕ್ಕೆ ಕೆರೆಯೇ ಗತಿ, ಕೆರೆಗೆ ಮಲಪ್ರಭಾ ಬಲದಂಡೆ ಕಾಲುವೆಯೇ ಗತಿ. 1980ರ ರೈತ ಬಂಡಾಯ ಹುಟ್ಟಿದ್ದು ಈ ನೀರಾವರಿಯ ಕರದ ಪ್ರಶ್ನೆಯಿಂದ. 2015ರಲ್ಲಿ ಆರಂಭವಾಗಿ ವರ್ಷಗಟ್ಟಲೆ ನಡೆದ ಮಹದಾಯಿ ಹೋರಾಟದ ಕೇಂದ್ರಗಳಲ್ಲೊಂದು ಇದೇ ಊರು. ಇಷ್ಟಾದರೂ ನಮ್ಮ ಚರ್ಚೆಗಳೆಲ್ಲ ನೀರು ಎಷ್ಟು ಬಂದೀತು, ಯಾವಾಗ ಬಂದೀತು ಎಂಬುದರ ಸುತ್ತಲೇ ಸುತ್ತುತ್ತವೆ. ನೀರಿನೊಡನೆ ಇನ್ನೇನು ಬರುತ್ತಿದೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಕೆರೆ ಗುತ್ತಿಗೆ ಹಿಡಿದು ಮೀನು ಸಾಕುವವರು, ಮೀನುಮರಿ ಮಾರುವವರು, ಬಲೆ ಮತ್ತು ಪಂಪುಗಳ ವ್ಯಾಪಾರಿಗಳು, ಕೃಷಿ ಹೊಂಡಗಳಲ್ಲಿ ನಾಲ್ಕು ಕಾಸು ಕಾಣಲು ಹೊರಟಿರುವ ರೈತರು, ಇವರೆಲ್ಲರ ಬಂಡವಾಳವೂ ಆ ಪ್ರಶ್ನೆಯ ಉತ್ತರದ ಮೇಲೆ ನಿಂತಿರುವುದರಿಂದ ಈ ಲೇಖನವನ್ನು ಸದಸ್ಯ ಬಾಂಧವರ ಮುಂದಿಡಲಾಗುತ್ತಿದೆ.

ಪರಕೀಯ ಮೀನುಗಳೆಂದರೆ ದೂರದ ಮಾತೆಂದು ಭಾವಿಸಬೇಕಾಗಿಲ್ಲ. ಸೊಳ್ಳೆಯ ಮರಿಗಳನ್ನು ತಿನ್ನಿಸಿ ಮಲೇರಿಯ ಹತ್ತಿಕ್ಕಲೆಂದು ಗ್ಯಾಂಬೂಸಿಯ ಮೀನನ್ನು ಇಟಲಿಯಿಂದ ಬೆಂಗಳೂರಿಗೆ ತಂದದ್ದು 1928ರಷ್ಟು ಹಿಂದೆ. ನಮ್ಮ ಪೇಟೆಗಳಲ್ಲಿ ಜಿಲೇಬಿ ಎಂದು ಮಾರಾಟವಾಗುವ ತಿಲಾಪಿಯ 1952ರಲ್ಲಿ ಭಾರತಕ್ಕೆ ಬಂದಿತು. ಬೆಳ್ಳಿಗೆಂಡೆ ಮತ್ತು ಹುಲ್ಲುಗೆಂಡೆಗಳು ಬಂದದ್ದು 1959ರಲ್ಲಿ. ಇವೆಲ್ಲ ಸರ್ಕಾರದ ತಿಳಿವಿನಲ್ಲೇ ಬಂದವು; ಕೆಲವು ಲಾಭವನ್ನೂ ತಂದವು. 1990ರ ದಶಕದ ಅತಿಥಿಗಳ ಕಥೆ ಬೇರೆ. ಆಫ್ರಿಕನ್ ಕ್ಯಾಟ್‌ಫಿಶ್ ಬಾಂಗ್ಲಾದೇಶದ ಗಡಿಯ ಮೂಲಕ ಕಳ್ಳದಾರಿಯಲ್ಲಿ ನುಸುಳಿತು. ಗಾಳಿಯನ್ನೇ ಉಸಿರಾಡಬಲ್ಲ, ಕೊಳೆತ ನೀರಿನಲ್ಲೂ ಬದುಕಬಲ್ಲ, ಒದ್ದೆ ನೆಲದ ಮೇಲೆ ತೆವಳಿ ಒಂದು ಹೊಂಡದಿಂದ ಇನ್ನೊಂದಕ್ಕೆ ಹೋಗಬಲ್ಲ, ಎದುರಿಗೆ ಸಿಕ್ಕ ಮೀನನ್ನೆಲ್ಲ ನುಂಗಬಲ್ಲ ಜೀವಿ ಅದು. ಕೇಂದ್ರ ಸರ್ಕಾರ 1997ರಲ್ಲೇ ಅದರ ಸಾಕಣೆಯನ್ನು ನಿಷೇಧಿಸಿತು. ಆಮೇಲೆ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವೂ ಕಟ್ಟುನಿಟ್ಟಿನ ಆದೇಶಗಳನ್ನು ಹೊರಡಿಸಿತು. ಆದರೂ ಕಸಾಯಿಖಾನೆಯ ತ್ಯಾಜ್ಯವನ್ನು ಹಾಕಿ ಅದನ್ನು ಬೆಳೆಸುವ ಹೊಂಡಗಳು ರಾಜ್ಯದಲ್ಲಿ ಆಗಾಗ ಪತ್ತೆಯಾಗುತ್ತಲೇ ಇವೆ. ಅಗ್ಗದ ಆಹಾರ, ಬೇಗನೆ ಬೆಳೆಯುವ ಮೀನು, ಮಾರಾಟಕ್ಕೆ ತಯಾರಿರುವ ಪೇಟೆ. ಇವು ಮೂರೂ ಕೂಡಿದಲ್ಲಿ ಕಾನೂನೊಂದೇ ಅದನ್ನು ತಡೆದೀತೆಂದು ವ್ಯಾಪಾರ ಬಲ್ಲವರು ನಂಬಲಾರರು.

ಇನ್ನೊಂದು ಗುಂಪು ಗಾಜಿನ ತೊಟ್ಟಿಯ ದಾರಿಯಿಂದ ಬಂದದ್ದು. ಅಲಂಕಾರದ ಮೀನಿನ ಅಂಗಡಿಗಳಲ್ಲಿ ಸಕ್ಕರ್ ಅಥವಾ ಟ್ಯಾಂಕ್ ಕ್ಲೀನರ್ ಎಂದು ಕೊಡುವ, ಮೈಮೇಲೆ ಕವಚದಂತಹ ಹುರುಪೆಯುಳ್ಳ ಕಪ್ಪು ಮೀನನ್ನು ಓದುಗರಲ್ಲಿ ಅನೇಕರು ಕಂಡಿರಬಹುದು. ದಕ್ಷಿಣ ಅಮೆರಿಕ ಮೂಲದ ಈ ಜೀವಿ ಬೆರಳುದ್ದದ ಮರಿಯಾಗಿ ಮನೆಗೆ ಬಂದು, ಮೊಳದುದ್ದ ಬೆಳೆದು, ಬೇಸತ್ತ ಮಾಲೀಕನ ಕೈಯಿಂದ ಕೆರೆಯನ್ನು ಸೇರುತ್ತದೆ. ಕೊಲ್ಲಲು ಮನಸ್ಸು ಬಾರದ ದಯೆಯೇ ಕೆರೆಗೆ ಶಾಪವಾಗುವುದು ವಿಚಿತ್ರವಾದರೂ ನಿಜ. ಅದರ ಮುಳ್ಳು ಬಲೆಗಳನ್ನು ಹರಿಯುತ್ತದೆ. ಮಾಂಸಕ್ಕೆ ಪೇಟೆಯಲ್ಲಿ ಬೆಲೆಯಿಲ್ಲ. ಬಲೆಯ ಖರ್ಚೂ ಹೋಗಿ, ಹಿಡಿದ ಮೀನೂ ಕಸಕ್ಕೆ ಹೋದರೆ ಗುತ್ತಿಗೆದಾರನ ಲೆಕ್ಕಪುಸ್ತಕದಲ್ಲಿ ಉಳಿಯುವುದೇನು?

ಮೀನನ್ನು ಕಾಣದೆ ಮೀನನ್ನು ಹಿಡಿಯುವುದು

ಪರಕೀಯ ಮೀನು ಹೊಕ್ಕ ಮೊದಲ ವರ್ಷ ಕೆರೆಯಲ್ಲಿ ಹತ್ತೋ ಇಪ್ಪತ್ತೋ ಇರುತ್ತವೆ. ಆಗ ಬಲೆಗೆ ಬೀಳುವುದಿಲ್ಲ. ಬಲೆಗೆ ಬೀಳುವಷ್ಟಾದಾಗ ಕಿತ್ತುಹಾಕುವ ಕಾಲ ಮೀರಿರುತ್ತದೆ. ಈ ಎರಡರ ನಡುವಿನ ಅವಧಿಯಲ್ಲೇ ಅದನ್ನು ಪತ್ತೆಹಚ್ಚುವ ಉಪಾಯವಾಗಿ ಬೆಳೆದದ್ದು ಪರಿಸರ ಡಿ.ಎನ್.ಎ. ಪರೀಕ್ಷೆ.

ಇದರ ತತ್ತ್ವ ಸರಳ. ನೀರಿನಲ್ಲಿ ಬದುಕುವ ಪ್ರತಿ ಜೀವಿಯೂ ತನ್ನ ಲೋಳೆ, ಹುರುಪೆ, ಮಲ, ಮೊಟ್ಟೆಗಳ ಮೂಲಕ ಜೀವಕೋಶಗಳನ್ನು ನೀರಿಗೆ ಬಿಡುತ್ತಲೇ ಇರುತ್ತದೆ. ಆ ಕೋಶಗಳಲ್ಲಿ ಆಯಾ ಜಾತಿಯ ಗುರುತಾದ ಡಿ.ಎನ್.ಎ. ಇರುತ್ತದೆ. ಒಂದೆರಡು ಲೀಟರ್ ನೀರನ್ನು ಅತಿ ಸೂಕ್ಷ್ಮ ರಂಧ್ರಗಳ ಸೋಸುಹಾಳೆಯ ಮೂಲಕ ಹಾಯಿಸಿ, ಆ ಹಾಳೆಯನ್ನು ಆಲ್ಕೊಹಾಲಿನಲ್ಲೋ ಬೇರೊಂದು ಸಂರಕ್ಷಕ ದ್ರವದಲ್ಲೋ ಇಟ್ಟು ಪ್ರಯೋಗಾಲಯಕ್ಕೆ ಕಳುಹಿಸಿದರೆ, ಅಲ್ಲಿ ಅದರಿಂದ ಡಿ.ಎನ್.ಎ. ಬೇರ್ಪಡಿಸಿ ನಮಗೆ ಬೇಕಾದ ಮೀನಿನದು ಇದೆಯೋ ಇಲ್ಲವೋ ಎಂದು ನೋಡುತ್ತಾರೆ. ನೋಡುವ ವಿಧಾನವೂ ಈಗ ಅಪರಿಚಿತವಲ್ಲ. 2020-21ರ ಮಹಾಮಾರಿಯ ದಿನಗಳಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರೆಲ್ಲರೂ ಆರ್‌ಟಿ-ಪಿಸಿಆರ್ ಎಂಬ ಹೆಸರನ್ನು ಬಲ್ಲರು. ಅತ್ಯಲ್ಪ ಪ್ರಮಾಣದ ತಂತುವನ್ನು ಲಕ್ಷಾಂತರ ಪಟ್ಟು ನಕಲು ಮಾಡಿ ಕಣ್ಣಿಗೆ ಕಾಣುವಂತೆ ಮಾಡುವ ಆ ಯಂತ್ರವೇ ಇಲ್ಲಿಯೂ ಕೆಲಸ ಮಾಡುತ್ತದೆ. ಅಲ್ಲಿ ವೈರಾಣುವಿನ ಆರ್.ಎನ್.ಎ.ಯನ್ನು ಮೊದಲು ಡಿ.ಎನ್.ಎ.ಗೆ ಪರಿವರ್ತಿಸಬೇಕಾಗಿತ್ತು, ಮೀನಿನ ವಿಷಯದಲ್ಲಿ ಆ ಹೆಜ್ಜೆ ಬೇಕಿಲ್ಲ.

ವಿಧಾನಗಳು ಎರಡು. ಒಂದೇ ಜಾತಿಯನ್ನು, ಉದಾಹರಣೆಗೆ ಆಫ್ರಿಕನ್ ಕ್ಯಾಟ್‌ಫಿಶ್ ಅನ್ನು, ಹುಡುಕುವುದಾದರೆ ಅದಕ್ಕೆಂದೇ ತಯಾರಿಸಿದ ಗುರುತುಕಾರಕವನ್ನು ಬಳಸಿ ಪಿಸಿಆರ್ ಮಾಡಿದರೆ ಸಾಕು. ಇದು ಕಡಿಮೆ ಖರ್ಚಿನದು, ಬೇಗ ಮುಗಿಯುವಂತಹುದು. ಕೆರೆಯಲ್ಲಿ ಯಾವ ಯಾವ ಮೀನುಗಳಿವೆ ಎಂಬ ಪೂರ್ಣ ಪಟ್ಟಿ ಬೇಕಾದರೆ ಎಲ್ಲ ಮೀನುಗಳಲ್ಲೂ ಸಾಮಾನ್ಯವಾಗಿರುವ ಒಂದು ತುಣುಕನ್ನು ಹೆಚ್ಚಿಸಿ, ಅದರ ಅಕ್ಷರಮಾಲೆಯನ್ನು ಓದಿ, ದತ್ತಕೋಶಗಳೊಡನೆ ಹೋಲಿಸಬೇಕು. ಜಪಾನಿನ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಮಿಫಿಶ್ ಎಂಬ ಗುರುತುಕಾರಕಗಳು ಈ ಎರಡನೆಯ ವಿಧಾನದಲ್ಲಿ ಜಗತ್ತಿನಾದ್ಯಂತ ಬಳಕೆಯಲ್ಲಿವೆ. ನದಿಯಲ್ಲಿರುವ ಮೀನಿನ ಅಕ್ಷರಮಾಲೆ ದತ್ತಕೋಶದಲ್ಲಿ ಮೊದಲೇ ದಾಖಲಾಗಿರದಿದ್ದರೆ ಅದು ಅನಾಮಧೇಯವಾಗಿಯೇ ಉಳಿಯುತ್ತದೆಂಬುದು ಮಾತ್ರ ನೆನಪಿನಲ್ಲಿರಬೇಕು.

ಈ ಶಾಸ್ತ್ರಕ್ಕೆ ಬುನಾದಿ ಬಿದ್ದದ್ದು ಫ್ರಾನ್ಸಿನಲ್ಲಿ. ಅಮೆರಿಕದಿಂದ ಬಂದು ಅಲ್ಲಿಯ ಹೊಂಡಗಳನ್ನು ಸೇರಿದ್ದ ದೊಡ್ಡ ಗೂಳಿಗಪ್ಪೆಯನ್ನು ಕೇವಲ ನೀರಿನ ಮಾದರಿಯಿಂದ ಪತ್ತೆಹಚ್ಚಬಹುದೆಂದು 2008ರಲ್ಲಿ ಅಲ್ಲಿಯ ಸಂಶೋಧಕರು ತೋರಿಸಿಕೊಟ್ಟರು. ಆದರೆ ವ್ಯಾಪಾರಸ್ಥರು ಗಮನಿಸಬೇಕಾದ ಕಥೆ ಅಮೆರಿಕದ ಶಿಕಾಗೋ ನಗರದ್ದು.

ಒಂದು ಕಾಲುವೆ, ಎರಡು ಜಲಾನಯನ

ಶಿಕಾಗೋ ನಗರ ತನ್ನ ಕೊಳಚೆಯಿಂದ ಕುಡಿಯುವ ನೀರಿನ ಸರೋವರವನ್ನು ಕಾಪಾಡಲು 1900ರಲ್ಲಿ ಒಂದು ದೊಡ್ಡ ಕಾಲುವೆಯನ್ನು ತೆರೆದು ನದಿಯ ಹರಿವನ್ನೇ ತಿರುಗಿಸಿತು. ಅದರಿಂದ ಮಹಾಸರೋವರಗಳ ಜಲಾನಯನಕ್ಕೂ ಮಿಸಿಸಿಪಿ ನದಿಯ ಜಲಾನಯನಕ್ಕೂ ಸಂಪರ್ಕ ಏರ್ಪಟ್ಟಿತು. 1970ರ ದಶಕದಲ್ಲಿ ದಕ್ಷಿಣದ ಮೀನುಹೊಂಡಗಳಿಗೆ ತಂದಿದ್ದ ಏಷ್ಯದ ಗೆಂಡೆಗಳು ತಪ್ಪಿಸಿಕೊಂಡು ಮಿಸಿಸಿಪಿಯಲ್ಲಿ ಮೇಲಕ್ಕೆ ಈಜಿ ಬಂದವು. ಅವುಗಳಲ್ಲಿ ಮುಖ್ಯವಾದದ್ದು ನಾವು ಕೆರೆಗಳಿಗೆ ಹಣ ಕೊಟ್ಟು ಬಿಡುವ ಬೆಳ್ಳಿಗೆಂಡೆಯೇ ಎಂಬುದು ಸ್ವಾರಸ್ಯ. ಮಹಾಸರೋವರಗಳ ಮೀನುಗಾರಿಕೆಯ ವಾರ್ಷಿಕ ಮೌಲ್ಯವನ್ನು ಅಲ್ಲಿ 700 ಕೋಟಿ ಡಾಲರೆಂದು ಅಂದಾಜಿಸುವುದು ವಾಡಿಕೆ. ಅದನ್ನು ಉಳಿಸಲು 2002ರಿಂದ ಕಾಲುವೆಯಲ್ಲಿ ವಿದ್ಯುತ್ ತಡೆಯನ್ನು ಹಾಕಲಾಯಿತು.

2009ರಲ್ಲಿ ನಾಟರ್ ಡೇಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಆ ತಡೆಯ ಆಚೆ, ಅಂದರೆ ಸರೋವರದ ಕಡೆ, ಈ ಗೆಂಡೆಗಳ ಡಿ.ಎನ್.ಎ. ಸಿಕ್ಕಿತೆಂದು ವರದಿ ಮಾಡಿದರು. ಯಾರೂ ಅಲ್ಲಿ ಮೀನನ್ನು ಕಂಡಿರಲಿಲ್ಲ. ನೀರು ಮಾತ್ರ ಸಾಕ್ಷಿ ಹೇಳಿತ್ತು. ಆ ವರ್ಷದ ಡಿಸೆಂಬರಿನಲ್ಲಿ ತಡೆಯ ದುರಸ್ತಿಯ ವೇಳೆ ಸುಮಾರು 9 ಕಿ.ಮೀ. ಕಾಲುವೆಗೆ ಮೀನು ಕೊಲ್ಲುವ ವಿಷವನ್ನು ಹಾಕಿದಾಗ ಸಿಕ್ಕ ಸತ್ತ ಮೀನುಗಳ ರಾಶಿಯಲ್ಲಿ ಒಂದೇ ಒಂದು ಏಷ್ಯದ ಗೆಂಡೆಯಿತ್ತು. ಮಿಷಿಗನ್ ರಾಜ್ಯ ಕಾಲುವೆಯ ದ್ವಾರಗಳನ್ನೇ ಮುಚ್ಚಿಸಬೇಕೆಂದು ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿತು. ದ್ವಾರ ಮುಚ್ಚಿದರೆ ಸರಕು ದೋಣಿಗಳು ನಿಲ್ಲುತ್ತವೆ. ಕಲ್ಲಿದ್ದಲು, ಉಕ್ಕು, ಸಿಮೆಂಟು, ಧಾನ್ಯಗಳ ಸಾಗಣೆ ನಿಲ್ಲುತ್ತದೆ. ಆದ್ದರಿಂದ ಅಲ್ಲಿಯ ಸಾಗಣೆದಾರರೂ ಉದ್ಯಮಿಗಳೂ ಪ್ರಬಲವಾಗಿ ವಿರೋಧಿಸಿದರು. 2010ರ ಜನವರಿಯಲ್ಲಿ ನ್ಯಾಯಾಲಯ ತುರ್ತು ತಡೆಯಾಜ್ಞೆಯನ್ನು ನಿರಾಕರಿಸಿತು. ಅದೇ ಜೂನ್ ತಿಂಗಳಲ್ಲಿ ತಡೆಯ ಆಚೆಗಿನ ಕ್ಯಾಲುಮೆಟ್ ಸರೋವರದಲ್ಲಿ ಜೀವಂತ ಗೆಂಡೆಯೊಂದು ಮೀನುಗಾರರ ಬಲೆಗೆ ಬಿದ್ದಿತು.

ಹಾಗಾದರೆ ನೀರು ಹೇಳಿದ್ದೇ ನಿಜವೇ? ಉತ್ತರ ಅಷ್ಟು ನೇರವಾಗಿಲ್ಲ. ಆನಂತರ ಅಲ್ಲಿಯ ಸರ್ಕಾರಿ ಇಲಾಖೆಗಳೇ ನಡೆಸಿದ ಅಧ್ಯಯನಗಳು ಮೀನು ತಿಂದ ಹಕ್ಕಿಯ ಹಿಕ್ಕೆ, ದೋಣಿಗಳ ತಳ, ಮೀನುಗಾರರ ಬಲೆ, ಮೀನು ಪೇಟೆಯ ತೊಳೆನೀರು ಇವುಗಳಿಂದಲೂ ಅದೇ ಡಿ.ಎನ್.ಎ. ಕಾಲುವೆಗೆ ಬರಬಹುದೆಂದು ತೋರಿಸಿದವು. ಬಂದದ್ದು ಮೀನೋ, ಮೀನಿನ ಕುರುಹೋ ಎಂಬ ಪ್ರಶ್ನೆಯ ಮೇಲೆ ವರ್ಷಗಟ್ಟಲೆ ವಾದ ನಡೆಯಿತು. 2024ರ ಜುಲೈಯಲ್ಲಿ ಇಲಿನಾಯ್ ಮತ್ತು ಮಿಷಿಗನ್ ರಾಜ್ಯಗಳು ಕೇಂದ್ರದ ಸೇನಾ ಇಂಜಿನಿಯರರೊಡನೆ ಸೇರಿ 100 ಕೋಟಿ ಡಾಲರಿಗೂ ಮೀರಿದ ಹೊಸ ತಡೆ ಯೋಜನೆಗೆ ಒಪ್ಪಂದ ಮಾಡಿಕೊಂಡವು. ಮಧ್ಯೆ 2022ರಲ್ಲಿ ಇಲಿನಾಯ್ ರಾಜ್ಯ ಆ ಗೆಂಡೆಗೆ ಕೋಪಿ ಎಂದು ಹೊಸ ಹೆಸರಿಟ್ಟು, ಜನರು ತಿಂದಾದರೂ ತೀರಿಸಲಿ ಎಂದು ಪೇಟೆಗೆ ಬಿಟ್ಟಿತು. ಹೆಸರು ಬದಲಿಸಿ ಮಾಲು ಮಾರುವ ವಿದ್ಯೆ ನಮಗೆ ಮಾತ್ರ ಗೊತ್ತೆಂದು ತಿಳಿಯಬೇಕಾಗಿಲ್ಲ.

ಈ ಕಥೆಯನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಎರಡು ಜಲಾನಯನಗಳ ನಡುವಿನ ಗೆರೆ ನಮ್ಮ ಧಾರವಾಡ ಜಿಲ್ಲೆಯ ಮೈಮೇಲೆಯೇ ಹಾದುಹೋಗಿದೆ. ಕಲಘಟಗಿ ಕಡೆಯ ಮಳೆ ಬೇಡ್ತಿಯನ್ನು ಸೇರಿ ಪಶ್ಚಿಮಕ್ಕೆ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. 1955ರಿಂದ ಹುಬ್ಬಳ್ಳಿಗೆ ನೀರುಣಿಸಿದ ನೀರಸಾಗರ ಇರುವುದು ಆ ಕಡೆ. ಕುಂದಗೋಳ, ಹುಬ್ಬಳ್ಳಿ, ನವಲಗುಂದಗಳ ಮಳೆ ಬೆಣ್ಣಿಹಳ್ಳ-ತುಪ್ಪರಿಹಳ್ಳಗಳನ್ನು ಹಿಡಿದು ಮಲಪ್ರಭೆಗೆ, ಅಲ್ಲಿಂದ ಕೂಡಲಸಂಗಮದಲ್ಲಿ ಕೃಷ್ಣೆಗೆ ಇಳಿದು ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಒಂದೇ ಜಿಲ್ಲೆಯ ಎರಡು ಕೆರೆಗಳ ಮೀನುಗಳು ಸ್ವಭಾವತಃ ಒಂದನ್ನೊಂದು ಕಾಣಲಾರವು. ಅವುಗಳನ್ನು ಕೂಡಿಸುವವರು ಮೀನುಮರಿಯ ಚೀಲ ಹೊತ್ತ ಟೆಂಪೋದವರು ಮಾತ್ರ.

ಇನ್ನು ಮಹದಾಯಿ. 2018ರ ಆಗಸ್ಟ್ 14ರಂದು ನ್ಯಾಯಾಧಿಕರಣ ಕರ್ನಾಟಕಕ್ಕೆ ಹಂಚಿದ 13.42 ಟಿಎಂಸಿಯಲ್ಲಿ ಕಳಸಾದಿಂದ 1.72, ಬಂಡೂರಿಯಿಂದ 2.18 ಟಿಎಂಸಿ ನೀರು ಮಲಪ್ರಭೆಗೆ ತಿರುಗಬೇಕಾಗಿದೆ. ಆ ತೀರ್ಪು 2020ರ ಫೆಬ್ರವರಿಯಲ್ಲಿ ರಾಜಪತ್ರದಲ್ಲಿ ಪ್ರಕಟವಾಯಿತು. ಪರಿಷ್ಕೃತ ಯೋಜನಾ ವರದಿಗೆ ಕೇಂದ್ರ ಜಲ ಆಯೋಗದ ಒಪ್ಪಿಗೆ 2022ರ ಡಿಸೆಂಬರಿನಲ್ಲಿ ಸಿಕ್ಕಿತು. ಪಶ್ಚಿಮಕ್ಕೆ ಹರಿಯುವ ಹಳ್ಳದ ನೀರು ಪೂರ್ವದ ನದಿಗೆ ಸೇರಿದಾಗ ಅದರೊಡನೆ ಮೊಟ್ಟೆ, ಮರಿ, ರೋಗಾಣುಗಳೂ ಸೇರುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು. ಇದನ್ನು ಯೋಜನೆಗೆ ಅಡ್ಡಗಾಲೆಂದು ಯಾರೂ ಅರ್ಥೈಸಬಾರದು. ನವಲಗುಂದದ ಬಾಯಾರಿಕೆ ಯಾವ ವಾದಕ್ಕಿಂತಲೂ ದೊಡ್ಡದು. ಆದರೆ ನೀರು ತಿರುಗುವುದಕ್ಕೆ ಮುನ್ನ ಎರಡೂ ಬದಿಯ ಹಳ್ಳಗಳ ಪರಿಸರ ಡಿ.ಎನ್.ಎ. ಮಾದರಿಗಳನ್ನು ತೆಗೆದಿಟ್ಟುಕೊಂಡರೆ ಮುಂದೆ ಏನು ಬದಲಾಯಿತೆಂದು ಹೇಳಲು ಆಧಾರವಿರುತ್ತದೆ. ಆ ಕೆಲಸವನ್ನು ಆಮೇಲೆ ಮಾಡಲು ಬಾರದು. ನೀರು ಬೆರೆತ ಮೇಲೆ ಬೆರೆಯದ ನೀರಿನ ಮಾದರಿ ಎಲ್ಲಿಯೂ ಸಿಗದು.

ನಮ್ಮ ದೇಶದಲ್ಲಿ ಆಗಿರುವುದು

ಹೈದರಾಬಾದಿನ ಕೋಶೀಯ ಮತ್ತು ಆಣ್ವಿಕ ಜೀವಶಾಸ್ತ್ರ ಕೇಂದ್ರ ಈ ಕ್ಷೇತ್ರದಲ್ಲಿ ಮುಂಚೂಣಿಯಲ್ಲಿದೆ. ಅಳಿವಿನಂಚಿನ ಜೀವಿಗಳಿಗಾಗಿ ಇರುವ ಅದರ ಪ್ರಯೋಗಾಲಯದ ಡಾ. ಜಿ. ಉಮಾಪತಿಯವರ ತಂಡ ಒಡಿಶಾದ ಚಿಲಿಕಾ ಸರೋವರದ ನೀರಿನ ಮಾದರಿಗಳಿಂದಲೇ ಸೂಕ್ಷ್ಮಜೀವಿಯಿಂದ ಸಸ್ತನಿಗಳವರೆಗೆ ಸಾವಿರಕ್ಕೂ ಹೆಚ್ಚು ಜೀವಿ ಕುಟುಂಬಗಳ ಕುರುಹನ್ನು ಗುರುತಿಸಿತು. ಇದೇ ಕೇಂದ್ರದ ಇನ್ನೊಂದು ಅಧ್ಯಯನ ನಮಗೆ ಹತ್ತಿರದ್ದು. ಮೇಲೆ ಹೇಳಿದ ಸಕ್ಕರ್ ಮೀನಿಗೆಂದೇ ಪರೀಕ್ಷೆಯನ್ನು ಸಿದ್ಧಪಡಿಸಿ ಪೂರ್ವಘಟ್ಟಗಳ ಜಲಮೂಲಗಳ ನೀರನ್ನು ಶೋಧಿಸಿದಾಗ ಅವುಗಳಲ್ಲಿ ಶೇ. 60ರಷ್ಟರಲ್ಲಿ ಆ ಮೀನು ನೆಲೆಯೂರಿರುವುದು ಗೊತ್ತಾಯಿತು. 2024ರಲ್ಲಿ ಬೆಳಕಿಗೆ ಬಂದ ಈ ಅಂಕಿಯನ್ನು ಓದಿ ಬೆಚ್ಚದವರು ಮೀನಿನ ವ್ಯಾಪಾರದಲ್ಲಿರಲಾರರು. ಕೃಷ್ಣೆಯ ಕೆಳದಂಡೆ ಪೂರ್ವಘಟ್ಟಗಳನ್ನು ಹಾದೇ ಸಮುದ್ರ ಸೇರುವುದು. ಅದೇ ನದಿವ್ಯೂಹದ ಮೇಲ್ತುದಿಯಲ್ಲಿ ನಮ್ಮ ಮಲಪ್ರಭೆಯಿದೆ. ನಡುವೆ ಅಣೆಕಟ್ಟುಗಳಿವೆಯೆಂಬ ಸಮಾಧಾನ ಇರಬಹುದು. ಆದರೆ ಗಾಜಿನ ತೊಟ್ಟಿಯಿಂದ ಬರುವ ಮೀನಿಗೆ ಅಣೆಕಟ್ಟಿನ ಅಡ್ಡಿಯಿಲ್ಲ.

ಪ್ರವಾಹದ ಮಾತೂ ಇಲ್ಲಿ ಬರಬೇಕು. 2018ರ ಆಗಸ್ಟಿನ ಕೇರಳದ ಮಹಾಪೂರದಲ್ಲಿ ಸಾಕಣೆ ಹೊಂಡಗಳು ಒಡೆದು ಅಮೆಜಾನಿನ ಅರಪೈಮದಂತಹ ಮೀನುಗಳು ಚಾಲಕುಡಿ, ಪೆರಿಯಾರ್ ನದಿಗಳಲ್ಲಿ ಜನರ ಬಲೆಗೆ ಬಿದ್ದವು. ಬೆಣ್ಣಿಹಳ್ಳ ಉಕ್ಕಿದಾಗ ಏನಾಗುತ್ತದೆಂದು ನವಲಗುಂದ, ಅಣ್ಣಿಗೇರಿಯವರಿಗೆ ವಿವರಿಸಬೇಕಾಗಿಲ್ಲ. ಹಳ್ಳದ ದಂಡೆಯ ಹೊಲಗಳ ಕೃಷಿ ಹೊಂಡಗಳಲ್ಲಿ ಯಾರು ಯಾವ ಮೀನು ಬಿಟ್ಟಿದ್ದರೂ ಒಂದು ರಾತ್ರಿಯ ಪೂರ ಅದನ್ನು ಎಲ್ಲರ ಮೀನಾಗಿಸಿಬಿಡುತ್ತದೆ.

ನಷ್ಟ ಯಾವಾಗಲೂ ಕಣ್ಣಿಗೆ ಕಾಣುವಂತಿರುವುದಿಲ್ಲವೆಂಬುದಕ್ಕೆ ಹಿಮಾಚಲದ ಗೋಬಿಂದ ಸಾಗರ ಉದಾಹರಣೆ. ಅಲ್ಲಿ 1971ರಲ್ಲಿ ಪ್ರವಾಹದಿಂದ ಆಕಸ್ಮಿಕವಾಗಿ ಸೇರಿದ ಬೆಳ್ಳಿಗೆಂಡೆ ಕಾಲಕ್ರಮದಲ್ಲಿ ಹಿಡಿತದ ಬಹುಪಾಲನ್ನು ಆವರಿಸಿತು. ಒಟ್ಟು ಇಳುವರಿ ಏರಿತು, ಕಾಟ್ಲಾ ಕುಸಿಯಿತು. ತೂಕದ ಲೆಕ್ಕವನ್ನಷ್ಟೇ ನೋಡುವವನಿಗೆ ಇದು ಲಾಭ, ದರದ ಲೆಕ್ಕವನ್ನೂ ನೋಡುವವನಿಗೆ ಯೋಚಿಸಬೇಕಾದ ವಿಷಯ. ಕಾವೇರಿಯಲ್ಲಿ ಇನ್ನೂ ಸೂಕ್ಷ್ಮವಾದ ಪ್ರಮಾದ ನಡೆದಿದೆ. ಮಹಶೀರ್ ಸಂತತಿಯನ್ನು ಹೆಚ್ಚಿಸುವ ಸದುದ್ದೇಶದಿಂದ ಲೋಣಾವಳದಲ್ಲಿ ಬೆಳೆಸಿದ ನೀಲಿರೆಕ್ಕೆಯ ಮಹಶೀರ್ ಮರಿಗಳನ್ನು ದಶಕಗಳ ಕಾಲ ಆ ನದಿಗೆ ಬಿಡಲಾಯಿತು. ಅದೇ ನದಿಗೆ ಸೇರಿದ ಡುಬ್ಬದ ಮಹಶೀರ್ ಹಿಂದೆ ಸರಿಯಿತು. 2018ರಲ್ಲಿ ಅದಕ್ಕೆ ಖಚಿತ ವೈಜ್ಞಾನಿಕ ಹೆಸರು ಸಿಕ್ಕುವ ವೇಳೆಗೆ ಅದು ಅಳಿವಿನ ಅಂಚನ್ನು ತಲುಪಿತ್ತು. ಪರಕೀಯವೆಂದರೆ ಹೊರದೇಶದ್ದೇ ಆಗಬೇಕೆಂದಿಲ್ಲ. ನಾವು ನಮ್ಮದೆಂದೇ ತಿಳಿದಿರುವ ರೋಹು, ಕಾಟ್ಲಾ, ಮೃಗಾಲಗಳೂ ಉತ್ತರದ ಗಂಗಾ ಬಯಲಿನ ಮೀನುಗಳು. 1957ರಲ್ಲಿ ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದಿನಿಂದ ಮರಿ ಮಾಡಿಸುವ ವಿಧಾನವನ್ನು ಸಾಧಿಸಿದ ನಂತರ ದೇಶದ ಕೆರೆಕೆರೆಗೂ ಹಬ್ಬಿದವು. ಅವುಗಳನ್ನು ಈಗ ತೆಗೆಯಿರೆಂದು ಯಾರೂ ಹೇಳುವುದಿಲ್ಲ, ಹೇಳಲೂಬಾರದು.

ಎರೆಮಣ್ಣಿನ ತೊಡಕು

ಈ ಪರೀಕ್ಷೆಯನ್ನು ನಮ್ಮ ತಾಲೂಕಿನಲ್ಲಿ ಮಾಡಹೊರಟವನಿಗೆ ಮೊದಲು ಎದುರಾಗುವುದು ಎರೆಮಣ್ಣು. ಮಳೆಗಾಲದ ಬೆಣ್ಣಿಹಳ್ಳದ ನೀರು ಒಂದು ತಂಬಿಗೆಯಷ್ಟು ಹಾಯುವುದರೊಳಗೆ ಸೋಸುಹಾಳೆ ಕಟ್ಟಿಕೊಳ್ಳುತ್ತದೆ. ನೀರನ್ನು ಕೆಲಹೊತ್ತು ತಂಗಲು ಬಿಡುವುದು, ದೊಡ್ಡ ರಂಧ್ರದ ಹಾಳೆಯಿಂದ ಮೊದಲು ಸೋಸುವುದು, ಒಂದರ ಬದಲು ನಾಲ್ಕು ಹಾಳೆ ಬಳಸುವುದು ಮುಂತಾದ ಉಪಾಯಗಳಿವೆ. ಆದರೆ ಮಣ್ಣಿನೊಡನೆ ಕೊಳೆತ ಸಸ್ಯಾಂಶವೂ ಬರುವುದರಿಂದ ಪಿಸಿಆರ್ ಕ್ರಿಯೆಯೇ ಕುಂಠಿತವಾಗಿ, ಮೀನಿದ್ದರೂ ಇಲ್ಲವೆಂಬ ಉತ್ತರ ಬರಬಹುದು. ಬೇಸಿಗೆಯ ಬಿಸಿಲು ಬೇರೆ. ಬಿಸಿ ನೀರಿನಲ್ಲಿ ಡಿ.ಎನ್.ಎ. ಬೇಗನೆ ನಾಶವಾಗುತ್ತದೆ. ಸಾಮಾನ್ಯವಾಗಿ ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಅದು ಉಳಿಯುತ್ತದೆ. ಕೆಸರಿನಲ್ಲಿ ಸಿಕ್ಕಿಕೊಂಡದ್ದು ಹೆಚ್ಚು ಕಾಲ ಇರಬಲ್ಲದು. ಆದ್ದರಿಂದ ಕೆಸರು ಕದಡದಂತೆ ಮಾದರಿ ತೆಗೆಯುವುದೂ ಒಂದು ಕುಶಲತೆ.

ಎರಡನೆಯದು ಪೇಟೆಯ ತೊಡಕು. ಹುಬ್ಬಳ್ಳಿಯ ಕೊಳಚೆ ನಾಲೆಗಳು ಕಡೆಗೆ ಸೇರುವುದು ಬೆಣ್ಣಿಹಳ್ಳವನ್ನೇ. ಮೀನು ಮಾರುಕಟ್ಟೆಯಲ್ಲಿ ಕರಾವಳಿಯ ಬಂಗಡೆ, ಆಂಧ್ರದಿಂದ ಬಂದ ರೋಹು, ಪಂಗಾಸಿಯಸ್, ರೂಪಚಂದ್ ಎಲ್ಲವನ್ನೂ ಕತ್ತರಿಸಿ ತೊಳೆದ ನೀರು ಆ ನಾಲೆಗಳಲ್ಲಿದೆ. ಹಳ್ಳದ ನೀರಿನ ಮಾದರಿಯಲ್ಲಿ ಬಂಗಡೆಯ ಡಿ.ಎನ್.ಎ. ಸಿಕ್ಕರೆ ಸಮುದ್ರದ ಮೀನು ಹಳ್ಳದಲ್ಲಿ ಈಜುತ್ತಿದೆಯೆಂದು ಯಾರೂ ಹೇಳುವುದಿಲ್ಲ, ನಕ್ಕು ಸುಮ್ಮನಾಗುತ್ತಾರೆ. ರೂಪಚಂದದ್ದು ಸಿಕ್ಕರೆ? ಅಲ್ಲಿ ನಗುವಂತಿಲ್ಲ. ಅದು ಪೇಟೆಯಿಂದಲೂ ಬಂದಿರಬಹುದು, ಹೊಂಡದಿಂದಲೂ ತಪ್ಪಿಸಿಕೊಂಡಿರಬಹುದು. ಬಂಗಡೆಯ ಕುರುಹು ಎಷ್ಟು ದೂರದವರೆಗೆ ಸಿಗುತ್ತದೆಂದು ಮೊದಲು ಅಳೆದುಕೊಂಡರೆ ಪೇಟೆಯ ಕೊಳೆ ಎಲ್ಲಿಯವರೆಗೆ ಪರೀಕ್ಷೆಯನ್ನು ಕೆಡಿಸಬಲ್ಲದೆಂಬ ಅಂದಾಜು ಸಿಕ್ಕೀತು ಎಂಬುದು ಈ ಲೇಖಕನ ಅಭಿಪ್ರಾಯ. ಕಾಲುವೆಯಿಂದ ತುಂಬುವ ಕೆರೆಗಳಿಗೆ ಈ ಬಾಧೆ ಕಡಿಮೆ. ಪಟ್ಟಣಕ್ಕೆ ಕುಡಿಯುವ ನೀರು ಕೊಡುವ ನೀಲಮ್ಮನ ಕೆರೆಯಂತಹ ಕಡೆಗಳಿಂದಲೇ ಆರಂಭಿಸುವುದು ಲೇಸು. ನೀರು ತಿಳಿಯಾಗಿರುತ್ತದೆ, ಒಳಹರಿವು ಗೊತ್ತಿರುತ್ತದೆ, ಮೇಲಾಗಿ ಅಲ್ಲಿ ಏನಿದೆಯೆಂದು ತಿಳಿಯುವ ಹಕ್ಕು ಇಡೀ ಊರಿಗಿದೆ.

ಪರೀಕ್ಷೆ ಹೇಳಲಾರದ ಸಂಗತಿಗಳೂ ಇವೆ. ಮೀನು ಜೀವಂತವೋ ಸತ್ತದ್ದೋ, ಮರಿಯೋ ದೊಡ್ಡದೋ, ಒಂದೋ ನೂರೋ ಎಂಬುದನ್ನು ಅದು ಖಚಿತವಾಗಿ ಹೇಳದು.

ವ್ಯಾಪಾರಿಗೆ ಇದರಿಂದೇನು?

ಮೊದಲ ಉಪಯೋಗ ಮೀನುಮರಿಯ ಖರೀದಿಯಲ್ಲಿ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಬರುವ ಸಾವಿರಾರು ಮರಿಗಳಲ್ಲಿ ಜಿಲೇಬಿಯದೋ ಬೇರೆಯದೋ ನಾಲ್ಕು ಸೇರಿದ್ದರೆ ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಜಿಲೇಬಿ ಒಮ್ಮೆ ಕೆರೆಯನ್ನು ಹೊಕ್ಕಿತೆಂದರೆ ಅಂಗೈಯಗಲದ ಮೀನುಗಳಿಂದ ಕೆರೆ ತುಂಬಿ ಗೆಂಡೆಗಳಿಗೆ ಮೇವು ಸಾಲದಾಗುತ್ತದೆ. ಗುತ್ತಿಗೆಯ ಅವಧಿ ಮುಗಿಯುವವರೆಗೂ ಆ ನಷ್ಟವನ್ನು ಹೊರಬೇಕು. ಕೆರೆಯ ಬದಲು ಆ ಚೀಲದ ನೀರನ್ನೇ ಪರೀಕ್ಷಿಸಬಹುದು. ಚೀಲದಲ್ಲಿ ನೀರು ಕಡಿಮೆ, ಮೀನು ಹೆಚ್ಚು, ಕುರುಹು ದಟ್ಟವಾಗಿರುತ್ತದೆ. ಅಮೆರಿಕದ ಮಹಾಸರೋವರಗಳ ಸುತ್ತಲಿನ ಗಾಳದ ಮೀನಿನ ಅಂಗಡಿಗಳ ತೊಟ್ಟಿಗಳನ್ನು ಹೀಗೆಯೇ ಪರೀಕ್ಷಿಸಿದಾಗ, ಮಾರಾಟಕ್ಕಿಲ್ಲದ ಪರಕೀಯ ಜಾತಿಗಳ ಡಿ.ಎನ್.ಎ. ಅಲ್ಲಿ ಸಿಕ್ಕಿತು. ಅಂಗಡಿಯವರು ಬೇಕೆಂದು ಮಾಡಿರಲಿಕ್ಕಿಲ್ಲ. ಅವರೂ ಬೇರೆಯವರಿಂದ ಕೊಂಡವರೇ. ನಮ್ಮಲ್ಲಿಯೂ ಪ್ರಾಮಾಣಿಕ ಮರಿ ಮಾರಾಟಗಾರನಿಗೆ ಇಂತಹ ಪ್ರಮಾಣಪತ್ರ ಒಳ್ಳೆಯ ಬೆಲೆಯನ್ನು ತರಬಲ್ಲದು. ಒಬ್ಬೊಬ್ಬ ರೈತ ಈ ಖರ್ಚನ್ನು ಭರಿಸಲಾರ. ತಾಲೂಕಿನ ಮೀನುಗಾರರ ಸಹಕಾರ ಸಂಘಗಳು ಒಟ್ಟಾಗಿ ಋತುವಿನ ಆರಂಭದಲ್ಲಿ ಒಂದು ಕಂತಿನ ಪರೀಕ್ಷೆಯನ್ನು ಮಾಡಿಸಿದರೆ ತಲೆಗೆ ಬೀಳುವ ಪಾಲು ಹಗುರವಾಗುತ್ತದೆ.

ಸಣ್ಣ ಉತ್ಪಾದಕರ ದೃಷ್ಟಿಯಿಂದ ನೋಡಿದರೆ ಈ ಕೆಲಸಕ್ಕೆ ಬೇಕಾದ ಸಾಮಗ್ರಿ ಅದ್ಭುತವೇನಲ್ಲ. ಕ್ರಿಮಿಶುದ್ಧ ಬಾಟಲಿ, ಸೋಸುಹಾಳೆ ಹಿಡಿಯುವ ಪ್ಲಾಸ್ಟಿಕ್ ಕವಚ, ಕೈಯಿಂದ ಅಥವಾ ಬ್ಯಾಟರಿಯಿಂದ ನಡೆಯುವ ಪುಟ್ಟ ಹೀರುಪಂಪು, ಶೀತಪೆಟ್ಟಿಗೆ, ದಡದಿಂದ ನೀರು ತೆಗೆಯುವ ಉದ್ದನೆಯ ಕೋಲು. ಗೋಕುಲ ರಸ್ತೆ, ತಾರಿಹಾಳಗಳ ಕಾರ್ಖಾನೆಗಳಲ್ಲಿ ಇದಕ್ಕಿಂತ ಕಠಿಣವಾದವು ನಿತ್ಯ ತಯಾರಾಗುತ್ತಿವೆ. ಇಂಗ್ಲೆಂಡಿನಲ್ಲಿ 2014ರಿಂದ ಒಂದು ಅಪರೂಪದ ಜಲಹಲ್ಲಿಯ ಇರುವಿಕೆಯನ್ನು ತಿಳಿಯಲು ಪರಿಸರ ಡಿ.ಎನ್.ಎ. ಪರೀಕ್ಷೆಯನ್ನು ಸರ್ಕಾರ ಅಂಗೀಕರಿಸಿದ ಮೇಲೆ, ಕಟ್ಟಡ ಪರವಾನಗಿ ಕೇಳುವವರಿಗೆಲ್ಲ ಅದು ಬಳಕೆಗೆ ಬಂದು ಖಾಸಗಿ ಪ್ರಯೋಗಾಲಯಗಳಿಗೂ ಸಾಮಗ್ರಿ ಪೂರೈಕೆದಾರರಿಗೂ ವರ್ಷವರ್ಷದ ಉದ್ಯೋಗವಾಯಿತು. ಅಂದರೆ ಪೇಟೆಯನ್ನು ಸೃಷ್ಟಿಸಿದ್ದು ಸರ್ಕಾರದ ಒಂದು ಅಂಗೀಕಾರ. ನಮ್ಮಲ್ಲಿ ಅಂತಹ ನಿಯಮ ಬರುವವರೆಗೆ ಬೇಡಿಕೆ ವಿಶ್ವವಿದ್ಯಾಲಯ ಮತ್ತು ಸಂಶೋಧನಾ ಸಂಸ್ಥೆಗಳಷ್ಟಕ್ಕೇ ಸೀಮಿತ. ಇದನ್ನು ಓದಿ ಯಾರೂ ನಾಳೆಯೇ ಅಚ್ಚು ಹೊಯ್ಯಿಸಲು ಹೊರಡದಿರಲಿ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, 2016ರಿಂದ ಐಐಟಿ ಇವೆ. ಅವರೊಡನೆ ಕುಳಿತು ಒಂದು ಋತುವಿನ ಪ್ರಾಯೋಗಿಕ ಪರೀಕ್ಷೆಗೆ ಬೇಕಾದ ಸಾಮಗ್ರಿಯನ್ನು ಸ್ಥಳೀಯವಾಗಿ ಮಾಡಿಕೊಡುವುದು ಬುದ್ಧಿವಂತಿಕೆಯ ಮೊದಲ ಹೆಜ್ಜೆ.

ಕಡೆಯದಾಗಿ, ನಮ್ಮ ಸದಸ್ಯರು ಈಗಿನ್ನೂ ಎತ್ತದಿರುವ, ಆದರೆ ಎತ್ತಲೇಬೇಕಾದ ಒಂದು ವಿಷಯವಿದೆ. ನಾಳೆ ಇಂತಹ ಪರೀಕ್ಷೆ ಬಂದಿತೆನ್ನೋಣ. ಒಂದು ಊರಿನ ಕೆರೆಯ ನೀರಿನಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್‌ನ ಡಿ.ಎನ್.ಎ. ಸಿಕ್ಕಿತು. ಗುತ್ತಿಗೆದಾರ ನಿಷೇಧಿತ ಮೀನು ಸಾಕಿದನೆಂಬ ಆರೋಪ ಬಂದು ಗುತ್ತಿಗೆ ರದ್ದಾಗಬಹುದು, ಬೆಳೆದು ನಿಂತ ಮೀನನ್ನೆಲ್ಲ ನಾಶಮಾಡೆಂದು ಆದೇಶವಾಗಬಹುದು, ಆ ಕೆರೆಯ ಮೀನನ್ನು ಸಂತೆಯಲ್ಲಿ ಯಾರೂ ಮುಟ್ಟದಿರಬಹುದು. ಆ ಕುರುಹು ಪಕ್ಕದ ಕೆರೆಯಿಂದ ಹಾರಿಬಂದ ಕೊಕ್ಕರೆಯ ಹಿಕ್ಕೆಯದೋ, ಇನ್ನೊಂದು ಊರಿನಲ್ಲಿ ಬಳಸಿದ ಬಾಡಿಗೆ ಬಲೆಯದೋ ಆಗಿದ್ದರೆ ಆ ಮನುಷ್ಯನ ಗತಿಯೇನು? ವಿಷ ಹಾಕಿದ ಶಿಕಾಗೋದ ಕಾಲುವೆಯಲ್ಲಿ ಸಿಕ್ಕ ಗೆಂಡೆ ಒಂದೇ ಎಂಬುದನ್ನು ಇಲ್ಲಿ ಮರೆಯಲಾಗದು.

ಆಹಾರ ಸುರಕ್ಷತಾ ಕಾಯಿದೆಯಡಿ ಅಂಗಡಿಯಿಂದ ಮಾದರಿ ತೆಗೆದುಕೊಳ್ಳುವಾಗ ಅಧಿಕಾರಿ ಅದನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕುತ್ತಾನೆ, ಮೊದಲ ವರದಿ ತಪ್ಪೆಂದು ಕಂಡರೆ ಮೇಲ್ಮನವಿಗೆ ದಾರಿಯಿದೆ ಎಂಬುದು ಕಿರಾಣಿ ವ್ಯಾಪಾರಿಗಳಿಗೆಲ್ಲ ಗೊತ್ತು. ಆ ಹಕ್ಕು ಕೆರೆಯ ನೀರಿನ ಮಾದರಿಗೂ ಇರಬೇಕು. ಗುತ್ತಿಗೆದಾರನ ಎದುರಿನಲ್ಲಿಯೇ ಮಾದರಿ ತೆಗೆಯಬೇಕು. ಅದರೊಡನೆ ಶುದ್ಧ ನೀರಿನ ಒಂದು ಖಾಲಿ ಮಾದರಿಯನ್ನೂ ಅದೇ ಉಪಕರಣದಿಂದ ಸೋಸಿ ಕಳುಹಿಸಬೇಕು, ಕೈಗವಸು ಹಾಗೂ ಪಾತ್ರೆಗಳ ಕೊಳೆಯಿಂದ ಬಂದ ತಪ್ಪು ಅದರಲ್ಲಿ ಬಯಲಾಗುತ್ತದೆ. ಒಂದು ಭಾಗ ಗುತ್ತಿಗೆದಾರನ ವಶದಲ್ಲಿ ಮೊಹರಿನಡಿ ಉಳಿಯಬೇಕು. ಎರಡು ಬೇರೆ ಬೇರೆ ದಿನಗಳ ಮಾದರಿಗಳಲ್ಲಿ ಕುರುಹು ಸಿಕ್ಕ ಮೇಲೆ ಬಲೆ ಹಾಕಿ ಹುಡುಕಬೇಕು. ಮೀನು ಕೈಗೆ ಸಿಗುವವರೆಗೆ ದಂಡ, ರದ್ದತಿಗಳ ಮಾತಿರಕೂಡದು. ಮುಂಗಾರಿಗೆ ಮುನ್ನ, ಮರಿ ಬಿಡುವ ಮೊದಲು, ಕಾಲುವೆ ನಿಂತು ಕೆರೆಯ ನೀರು ತಿಳಿಯಾಗಿರುವ ವಾರಗಳಲ್ಲಿ ಮೊದಲ ಮಾದರಿ ತೆಗೆಯಲಿ. ಆಗ ಕೆರೆಯಲ್ಲಿ ಇದ್ದದ್ದೇನು, ಆಮೇಲೆ ಬಂದದ್ದೇನು ಎಂಬುದು ಗುತ್ತಿಗೆದಾರನಿಗೂ ಇಲಾಖೆಗೂ ಒಂದೇ ಕಾಗದದಲ್ಲಿ ಕಾಣುತ್ತದೆ.